ಸುಮಂಗಳಾ ಕಟ್ಟದ ಗಂಟು

ಖಾದರ್ ಸಾಬರ ಮನೆಯ ಫ್ಯಾನು ನಿಂತದ್ದು ಸುಮಂಗಳಾಳ ಕೈತಪ್ಪಿನಿಂದ ಅಲ್ಲ. ಅದು ನಿಲ್ಲುವಂತೆ ಮಾಡಿದವಳು ನಾನು. ಬೇಕೆಂದೇ ಮಾಡಿದೆ, ತಿಳಿದೇ ಮಾಡಿದೆ. ಮಾಡಿದ ಮೇಲೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಉಂಡೆ, ಉಟ್ಟೆ, ಹಬ್ಬಕ್ಕೆ ಅವಳ ಕೈಯಿಂದಲೇ ಅರಿಶಿನ ಕುಂಕುಮ ತಗೊಂಡೆ. ಆ ತಪ್ಪನ್ನು ನಾನು ಅವಳ ತಲೆಗೆ ಹೊರಿಸಿದೆ ಅಂದರೂ ಪೂರ್ತಿ ನಿಜವಲ್ಲ — ಅವಳಾಗಿಯೇ ತಲೆ ಕೊಟ್ಟಳು, ನಾನು ನೋಡುತ್ತ ನಿಂತೆ. ಇವೆರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ನನಗೆ ಈಗಲೂ ಗೊತ್ತಾಗಿಲ್ಲ.

ಸುಮಂಗಳಾ ನನ್ನ ನೆಗೆಣ್ಣಿ, ಮೈದುನ ಮಂಜುನಾಥನ ಹೆಂಡತಿ. ನಮ್ಮದು ಹಗರಿಬೊಮ್ಮನಹಳ್ಳಿಯಲ್ಲಿ ಒಂದು ರಿವೈಂಡಿಂಗ್ ಅಂಗಡಿ — ಸುಟ್ಟುಹೋದ ಫ್ಯಾನು, ಮಿಕ್ಸರ್, ನೀರೆತ್ತುವ ಮೋಟಾರುಗಳ ಹಳೆಯ ತಾಮ್ರದ ತಂತಿ ಕಿತ್ತು ಹೊಸದಾಗಿ ಸುತ್ತಿ ಕೊಡುವ ಕೆಲಸ. ಮುಂದಿನ ಕೋಣೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ನಾನು ಕೊಟ್ಟೂರಿನಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಆ ಪರದೆಯ ಆಚೆ ಏನು ನಡೆಯುತ್ತದೆ ಎಂಬುದೇ ತಿಳಿದಿರಲಿಲ್ಲ. ಕ್ರಮೇಣ ನಮ್ಮ ಮನೆಯವರು ಒಂದೊಂದೇ ಸಣ್ಣ ಕೆಲಸ ನನ್ನ ಕೈಗೆ ಕೊಟ್ಟರು. ಒಲೆಯ ಮುಂದೆ ಕೂತೇ ಮಾಡಬಹುದಾದಂಥವು.

ಅದರಲ್ಲಿ ಮುಖ್ಯವಾದದ್ದು ತಂತಿ ಕೆರೆಯುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳದಿದ್ದರೆ ನನ್ನ ತಪ್ಪು ನಿಮಗೆ ಅರ್ಥವಾಗುವುದಿಲ್ಲ. ಈ ತಾಮ್ರದ ತಂತಿ ನೋಡಲು ಬರಿಮೈಯಲ್ಲಿ ಇದ್ದಂತೆ ಕಾಣುತ್ತದೆ, ಆದರೆ ಮೈಮೇಲೆ ತೆಳ್ಳನೆಯ ಒಂದು ಲೇಪ ಇರುತ್ತದೆ. ಆ ಲೇಪ ಇರುವುದರಿಂದಲೇ ಸುತ್ತಿನ ಮೇಲೆ ಸುತ್ತು ಒತ್ತಿ ಕೂತರೂ ಕರೆಂಟು ಅಡ್ಡದಾರಿ ಹಿಡಿಯುವುದಿಲ್ಲ. ಎರಡು ತಂತಿ ಕೂಡಿಸುವ ಜಾಗದಲ್ಲಿ ಮಾತ್ರ ಬ್ಲೇಡಿನಿಂದ ಅದನ್ನು ಕೆರೆದು, ತಾಮ್ರ ಹೊಳೆಯುವಂತೆ ಮಾಡಿ, ಹೆಣೆದು, ಬೆಸುಗೆ ಹಾಕಿ, ಮೇಲೆ ಸ್ಲೀವ್ ಎಂಬ ಬಟ್ಟೆಯ ಕೊಳವೆ ತೊಡಿಸಿ, ದಾರದಿಂದ ಕಟ್ಟಬೇಕು. ಕೆರೆಯದೆ ಕೂಡಿಸಿದರೆ ತಂತಿಗಳು ಎಷ್ಟೇ ಬಿಗಿಯಾಗಿ ಅಪ್ಪಿಕೊಂಡಿದ್ದರೂ ಕರೆಂಟು ದಾಟುವುದಿಲ್ಲ. ಸುತ್ತಿ ಮುಗಿಸಿದ ಕಾಯಿಲ್‌ಗೆ — ಫ್ಯಾನಿನ ಹೊಟ್ಟೆಯೊಳಗೆ ಕೂರುವ ಆ ಗಾಲಿಯಂಥದ್ದನ್ನು ನಾವು ಹಾಗೆ ಕರೆಯುತ್ತೇವೆ — ವಾರ್ನಿಷ್ ಹೊಯ್ದು ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸುವುದೂ ನನ್ನ ಪಾಲಿಗೇ ಬಂತು.

ಸುತ್ತುವುದನ್ನು ಮಾತ್ರ ಅವರು ನನಗೆ ಕಲಿಸಲಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಕೂತು ನೋಡಿದ್ದೆ. ತಂತಿ ತುಂಡಾಯಿತು. "ನಿನ್ನ ಕೈ ರೊಟ್ಟಿ ಬಡಿಯೋ ಕೈ, ಬಿಡು," ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ನಾನು ಕೇಳಲಿಲ್ಲ, ಅವರೂ ಕರೆಯಲಿಲ್ಲ. ಅದನ್ನು ಮರೆತಿದ್ದೇನೆ ಅಂದುಕೊಂಡಿದ್ದೆ.

ಸುಮಂಗಳಾ ಹಂಪಸಾಗರದ ಕಡೆಯವಳು. ಮದುವೆಯಾಗಿ ಬಂದವಳೇ ಪರದೆ ಸರಿಸಿ ಅಂಗಡಿಯೊಳಗೆ ಇಣುಕಿದಳು. ತವರಿನಲ್ಲಿ ಬ್ಲೌಸು ಹೊಲಿಯುತ್ತಿದ್ದವಳು, ಬೆರಳುಗಳಿಗೆ ಆ ಸೂಕ್ಷ್ಮ ಇತ್ತು. ಒಂದು ದಿನ ನಮ್ಮ ಮನೆಯವರು ಒಂದು ಫ್ಯಾನನ್ನು ಕೈಯಿಂದ ತಿರುಗಿಸಿ ನೋಡುತ್ತಿದ್ದರು. ಇವಳು ಚಹಾ ತಂದಿಟ್ಟವಳು ಅಲ್ಲೇ ನಿಂತು, "ಭಾವ, ಅದು ಒಂದ ಕಡಿಗೆ ಬಂದಾಗ ತಡೀತೈತ್ರಿ ನೋಡ್ರಿ. ಬೇರಿಂಗ್ ಹೋಗಿರಬೇಕು," ಅಂದಳು. ಬಿಚ್ಚಿ ನೋಡಿದರೆ ಬೇರಿಂಗೇ ಹೋಗಿತ್ತು.

ಅವತ್ತು ಅವರು ನಕ್ಕ ನಗು ನನಗೆ ಇನ್ನೂ ನೆನಪಿದೆ. "ಲೇ ಮಂಜಾ, ನಿನಗ ಕಾಣಲಾರದ್ದು ಆಕಿಗೆ ಕಾಣ್ತೈತಲ್ಲೋ!"

"ಅದಕ್ಕ ನನ್ನ ಕಿಸೇದಾಗ ಏನೈತಿ ಅನ್ನೂದೂ ಆಕಿಗೇ ಮೊದಲ ಕಾಣ್ತೈತಣ್ಣ," ಅಂದ ಮಂಜುನಾಥ.

ಎಲ್ಲರೂ ನಕ್ಕರು. ನಾನು ಪರದೆಯ ಈಚೆ ಮಂಡಕ್ಕಿ ತೋಯಿಸಿ ಹಿಂಡುತ್ತಿದ್ದೆ, ಒಗ್ಗರಣೆಗೆ. ಹಿಂಡಿದ್ದು ಜಾಸ್ತಿಯಾಗಿ ಆ ದಿನದ ಒಗ್ಗರಣೆ ಮುದ್ದೆಯಾಯಿತು. ಇಂಥ ಸಣ್ಣಪುಟ್ಟವೇ ನನಗೆ ನೆನಪಿರುವುದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಹೊಟ್ಟೆಕಿಚ್ಚು ನೀವು ಊಹಿಸುವಂಥದ್ದಲ್ಲ. ನಮ್ಮ ಮನೆಯವರು ಅವಳನ್ನು ತಮ್ಮನ ಹೆಂಡತಿಯಾಗಿ, ತಂಗಿಯಂತೆ ನೋಡಿದರು. ಅವಳು ಅವರ ಮುಂದೆ ಸೆರಗು ಸರಿಮಾಡಿಕೊಳ್ಳದೆ ನಿಂತವಳಲ್ಲ. ಹಾಗೇನಾದರೂ ಇದ್ದಿದ್ದರೆ ನನಗೆ ಕೂಗಾಡಲು ಒಂದು ಕಾರಣ ಸಿಗುತ್ತಿತ್ತು. ಇಲ್ಲಿ ಕೂಗಾಡಲು ಏನೂ ಇರಲಿಲ್ಲ. ಅವರು ಅವಳಿಗೆ ಸುತ್ತುವುದನ್ನು ಕಲಿಸಿದರು — ಅಷ್ಟೇ. ನನಗೆ ಕೊಡದ ಮಣೆಯನ್ನು ಅವಳಿಗೆ ಹಾಕಿದರು. ಅಷ್ಟೇ.

ಅವಳು ಸುತ್ತಿದ ತಂತಿ ಒಂದರ ಪಕ್ಕ ಒಂದು ಜೋಳದ ತೆನೆಯ ಕಾಳಿನಂತೆ ಕೂರುತ್ತಿತ್ತು. ಇದನ್ನು ನಾನು ಅಂದೂ ಒಪ್ಪಿದ್ದೆ, ಒಳಗೊಳಗೇ. ಜಾಯಿಂಟ್ ಕಟ್ಟಲು ಅವಳು ತನ್ನ ಹೊಲಿಗೆಯ ಡಬ್ಬಿಯಲ್ಲಿ ಉಳಿದಿದ್ದ ಹಸಿರು ದಾರ ಬಳಸುತ್ತಿದ್ದಳು. ನಮ್ಮ ಮನೆಯವರು ಕಟ್ಟುವುದು ಬಿಳಿ ದಾರ. ಹಾಗಾಗಿ ಯಾವ ಕಾಯಿಲ್ ಯಾರ ಕೈಯದು ಎಂದು ಬಿಚ್ಚಿದ ತಕ್ಷಣ ಗೊತ್ತಾಗುತ್ತಿತ್ತು. ಅವಳ ಗಂಟು ಚಪ್ಪಟೆ, ದಾರದ ತುದಿ ಒಳಗೆ ಸಿಕ್ಕಿಸಿರುತ್ತಿದ್ದಳು, ಹೊರಗೆ ಒಂದು ಎಳೆಯೂ ಕಾಣದಂತೆ. ಅದು ನನಗೆ ಬಾಯಿಪಾಠವಾಗಿತ್ತು. ಹೊಟ್ಟೆಕಿಚ್ಚಿನವರು ನೋಡುವಷ್ಟು ಗಮನ ಕೊಟ್ಟು ಪ್ರೀತಿಸುವವರೂ ನೋಡುವುದಿಲ್ಲ.

ಗಾದಿ ಹೊಲಿಯುವ ಖಾದರ್ ಸಾಬರ ಫ್ಯಾನು ಬಂದದ್ದು ಬೇಸಿಗೆಯಲ್ಲಿ. ಪೂರ್ತಿ ಸುಟ್ಟಿತ್ತು. ಅವರ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಆ ಕೋಣೆಯ ಫ್ಯಾನು ಅದು. ಮೊದಲಿನಿಂದ ಕೊನೆಯವರೆಗೆ ಒಬ್ಬಳೇ ಮಾಡು ಎಂದು ನಮ್ಮ ಮನೆಯವರು ಅದನ್ನು ಸುಮಂಗಳಾಗೆ ಕೊಟ್ಟರು. ಅವಳು ಮುಗಿಸಿದ ಮೇಲೆ ಸೀರೀಸ್ ಬಲ್ಬ್ ಹಚ್ಚಿ ಪರೀಕ್ಷೆ ಮಾಡಿದರು — ತಂತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರಿ ಸರಿ ಇದ್ದರೆ ಆ ಬಲ್ಬು ಹತ್ತುತ್ತದೆ. ಹತ್ತಿತು. ಅವರು ಕಾಯಿಲನ್ನು ಅಂಗೈ ಮೇಲೆ ಇಟ್ಟುಕೊಂಡು ಹೊರಗೆ ಹೋದರು. ಪಕ್ಕದ ಸೈಕಲ್ ಅಂಗಡಿಯವರಿಗೆ, ಎದುರಿನ ಚಹಾದವನಿಗೆ ತೋರಿಸಿದರು — ಹುಟ್ಟಿದ ಕೂಸನ್ನು ತೋರಿಸಿದಂತೆ. "ನಮ್ಮ ಸುಮಂಗಳಾ ಸುತ್ಯಾಳ. ನೋಡ್ರಿ ಹೆಂಗ ಕುಂತಾವ!"

ಒಳಗೆ ಬಂದು ಅದನ್ನು ನನ್ನ ಕೈಗೆ ಕೊಟ್ಟರು. "ವಾರ್ನಿಷ್ ಹಾಕು. ಹುಷಾರ್, ಕೆಡಿಸೀ ಮತ್ತ."

ಕೆಡಿಸೀ ಮತ್ತ. ಎಷ್ಟು ವರ್ಷದಿಂದ ನಾನು ವಾರ್ನಿಷ್ ಹಾಕುತ್ತಿದ್ದೆ! ಒಂದನ್ನೂ ಕೆಡಿಸಿರಲಿಲ್ಲ. ಅವರು ಬೇಕಂತ ಅಂದದ್ದಲ್ಲ, ಬಾಯಿಗೆ ಬಂದ ಮಾತು, ಊಟಕ್ಕೆ ಕೂತಾಗ ಅವರಿಗೇ ಮರೆತಿತ್ತು. ನಾನು ಬಡಿಸುವಾಗಲೂ ಅದನ್ನೇ ನುಂಗುತ್ತಿದ್ದೆ.

ಮಧ್ಯಾಹ್ನ. ಗಂಡಸರು ಅಂಗಡಿಯಲ್ಲಿ ಒರಗಿದ್ದರು. ಸುಮಂಗಳಾ ತನ್ನ ಕೂಸನ್ನು ಮಲಗಿಸಲು ಹೋಗಿ ತಾನೂ ಮಲಗಿದ್ದಳು. ನಾನು ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಕಾಯಿಲನ್ನು ತೊಡೆಯ ಮೇಲಿಟ್ಟುಕೊಂಡೆ. ಫ್ಯಾನಿನಲ್ಲಿ ಎರಡು ಬಗೆಯ ಸುತ್ತು ಇರುತ್ತವೆ, ಒಂದು ಹೊರಡಿಸಲು, ಇನ್ನೊಂದು ಓಡಿಸಲು. ಎರಡರ ತುದಿಗಳೂ ಒಂದು ಕಡೆ ಕೂಡಿ ಒಂದೇ ದಪ್ಪ ವೈರಿಗೆ ಸೇರುತ್ತವೆ. ಆ ಕೂಡುವ ಜಾಗದ ಹಸಿರು ಗಂಟನ್ನು ಸೂಜಿಯಿಂದ ಬಿಡಿಸಿದೆ. ಸ್ಲೀವ್ ಹಿಂದೆ ಸರಿಸಿದೆ. ಒಳಗೆ ಅವಳ ಬೆಸುಗೆ ಬೆಳ್ಳಿಯ ಹನಿಯಂತೆ ಕೂತಿತ್ತು. ಕೆರೆದ ತಾಮ್ರ ಹೊಳೆಯುತ್ತಿತ್ತು. ನಾನು ಕೆರೆದರೂ ಅಷ್ಟು ಚೆನ್ನಾಗಿ ಕೆರೆಯುತ್ತಿರಲಿಲ್ಲವೇನೋ —

ಇಕ್ಕಳದಿಂದ ಆ ಹನಿಯನ್ನು ಕತ್ತರಿಸಿದೆ. ಕೆರೆಯದ ತಂತಿಯನ್ನೇ ವೈರಿಗೆ ಸುತ್ತಿದೆ. ಕತ್ತರಿಸಿದ ತುದಿ ಒಂದಿಷ್ಟು ತಾಗಿತ್ತು, ಅಷ್ಟೇ. ಸ್ಲೀವ್ ಮತ್ತೆ ತೊಡಿಸಿದೆ. ಅವಳ ಡಬ್ಬಿಯಿಂದ ಹಸಿರು ದಾರ ತಂದು ಅವಳದೇ ಗಂಟು ಹಾಕಿದೆ — ಚಪ್ಪಟೆಯಾಗಿ, ತುದಿ ಒಳಗೆ ಸಿಕ್ಕಿಸಿ. ಮೇಲೆ ವಾರ್ನಿಷ್ ಹೊಯ್ದೆ. ಒಂದು ಹನಿಯೂ ಚೆಲ್ಲಲಿಲ್ಲ. ಅದನ್ನೂ ಹೇಳಬೇಕು.

ಫ್ಯಾನು ಟೇಬಲ್ಲಿನ ಮೇಲೇ ತಿರುಗದೆ ನಿಲ್ಲುತ್ತದೆ, ಎಲ್ಲರ ಮುಂದೆ ಅವಳಿಗೊಂದು ಮುಖಭಂಗ, ಮುಗೀತು — ನಾನು ಎಣಿಸಿದ್ದು ಇಷ್ಟೇ. ಆದರೆ ಮರುದಿನ ಜೋಡಿಸಿ ಸ್ವಿಚ್ಚು ಹಾಕಿದರೆ ಅದು ತಿರುಗಿತು! ತಾಗಿದ್ದ ತುದಿ ಸಾಕಾಗಿತ್ತು. ಗಾಳಿ ನನ್ನ ಮುಖಕ್ಕೇ ಬಂತು. ಆಗ ಹೇಳಬಹುದಿತ್ತು. "ಒಂದ್ ನಿಮಿಷ ಕೊಡ್ರಿ, ಯಾಕೋ ಅದರ ಗಂಟು ಸಡಲ ಕಾಣ್ತೈತಿ," ಎಂದು ಸುಳ್ಳು ಹೇಳಿಯಾದರೂ ಸರಿಮಾಡಬಹುದಿತ್ತು. ಖಾದರ್ ಸಾಬರು ಅದನ್ನು ಚಾದರದಲ್ಲಿ ಸುತ್ತಿಕೊಂಡು ಹೊರಟರು. ನಾನು ಪರದೆ ಬಿಟ್ಟೆ.

ಕೆಲವೇ ದಿನ. ಖಾದರ್ ಸಾಬರು ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತು ನಮ್ಮ ಮನೆಯವರಿಗೆ ಅಂದರು, "ಬಸಣ್ಣಾರ, ನಿಮ್ಮ ಫ್ಯಾನು ನಮ್ಮ ಅಳಿಯ ಇದ್ದಂಗ ಐತಿ ನೋಡ್ರಿ. ಮುಂಜಾನಿ ಭಾಳ ಚಲೋ. ಮಧ್ಯಾಹ್ನ ಬಿಸಿ ಏರಿತಂದ್ರ ಮಾತ ಇಲ್ಲ. ತಣ್ಣಗಾದ ಮ್ಯಾಲ ತಾನ ಬಂದು ಮಾತಾಡಸ್ತೈತಿ."

ಎಲ್ಲರೂ ನಕ್ಕರು. ಆಮೇಲೆ ಅವರು ಮೆಲ್ಲಗೆ, "ಕೂಸಿಗೆ ಮೈತುಂಬ ಬೆವರುಸಾಲಿ ಎದ್ದೈತ್ರಿ. ರಾತ್ರಿಯೆಲ್ಲಾ ಅಳ್ತೈತಿ," ಎಂದರು.

ನಮ್ಮ ಮನೆಯವರು ಹೋಗಿ ಕಂಡೆನ್ಸರ್ ಬದಲಿಸಿ ಬಂದರು. ಮತ್ತೆ ನಿಂತಿತು. ಸ್ವಿಚ್ಚು ನೋಡಿದರು, ರೆಗ್ಯುಲೇಟರ್ ನೋಡಿದರು. ಮತ್ತೆ ನಿಂತಿತು. ಕೊನೆಗೆ ಫ್ಯಾನು ಇಳಿಸಿ ತಂದು, ನಮ್ಮ ಕೋಣೆಯ ಫ್ಯಾನನ್ನೇ ಬಿಚ್ಚಿ ಆ ಬಾಣಂತಿಗೆ ಹಾಕಿಸಿದರು. ಇಲ್ಲಿ ಟೇಬಲ್ ಮೇಲಿಟ್ಟು ಸೀರೀಸ್ ಬಲ್ಬ್ ಹಿಡಿದರೆ ಎಲ್ಲಾ ಸರಿ, ಬಲ್ಬು ಹತ್ತುತ್ತದೆ. ಅವರು ತಲೆ ಕೆರೆದುಕೊಂಡರು. ನಾನು ಒಳಗೆ ಬೇಳೆ ಆರಿಸುತ್ತಿದ್ದೆ. ಯಾವತ್ತಿದ್ದರೂ ಗೊತ್ತಾಗುವುದೇ ಇಲ್ಲವೇನೋ ಎಂಬ ಆಸೆ ಹುಟ್ಟಿತು, ಅದರ ಜೊತೆಗೇ — ಗೊತ್ತಾಗಲಿ ಎಂಬ ಆಸೆಯೂ.

ಆಗ ಸುಮಂಗಳಾ ಬಂದಳು.

"ಭಾವ, ತಣ್ಣಗಿದ್ದಾಗ ನೋಡಿದ್ರ ಅದು ಸುಳ್ಳ ಹೇಳ್ತೈತ್ರಿ. ಇಲ್ಲೇ ತೂಗುಹಾಕಿ ಓಡಸ್ರಿ. ಬಿಸಿ ಆಗಲಿ, ನಿಲ್ಲಲಿ. ನಿಂತ ಕೂಡ್ಲೇ ಬಲ್ಬ್ ಹಿಡಿಯೂಣು."

ಅಂಗಡಿಯ ಕೊಕ್ಕೆಗೆ ತೂಗುಹಾಕಿದರು. ತಿರುಗಿತು. ಎಲ್ಲರೂ ತಲೆ ಎತ್ತಿ ಕೂತರು, ಮಂಜುನಾಥ ಒಂದು ಬೀಡಿ ಮುಗಿಸಿದ, ಚಹಾ ಬಂತು, ಚಹಾ ಮುಗಿಯಿತು. ನಾನು ಪರದೆಯ ಹತ್ತಿರ ನಿಂತೇ ಇದ್ದೆ. ಇದ್ದಕ್ಕಿದ್ದಂತೆ ಫ್ಯಾನಿನ ಸದ್ದು ಇಳಿಯಿತು. ಗುಂಯ್ ಎನ್ನುವ ಸಣ್ಣ ದನಿಯೂ ಇಲ್ಲದೆ ನಿಂತಿತು.

ಬಿಸಿ ಇದ್ದಂತೆಯೇ ಬಲ್ಬ್ ಹಿಡಿದರು. ಒಂದು ಸುತ್ತಿನ ತುದಿಗಳಿಗೆ ಹಿಡಿದರು, ಹತ್ತಲಿಲ್ಲ. ಇನ್ನೊಂದಕ್ಕೆ ಹಿಡಿದರು, ಅದೂ ಹತ್ತಲಿಲ್ಲ.

"ಎರಡೂ ಹೋದ್ವಲ್ಲ," ಅಂದರು ನಮ್ಮ ಮನೆಯವರು.

"ಎರಡೂ ಒಮ್ಮೆಲೆ ಹೆಂಗ ಹೋಗ್ತಾವ್ರಿ ಭಾವ?" ಸುಮಂಗಳಾಳ ಕಣ್ಣು ಹೊಳೆಯುತ್ತಿದ್ದವು. ಒಗಟು ಬಿಡಿಸುವವರ ಖುಷಿ ಅದು. "ಎರಡೂ ಕೂಡೋ ಜಾಗ ಒಂದ ಐತಲ್ಲ. ಅಲ್ಲೇ ಐತಿ ನೋಡ್ರಿ ಕಳ್ಳ. ಅಲ್ಲೇ ಬಿಚ್ಚರಿ."

ಅವಳೇ ದಾರಿ ತೋರಿಸಿದಳು. ತಾನು ಬೀಳುವ ಗುಂಡಿಯತ್ತ ಅಷ್ಟು ಸಂತೋಷದಿಂದ ನಡೆದವರನ್ನು ನಾನು ಬೇರೆ ನೋಡಿಲ್ಲ. ಬಿಚ್ಚಿದರು. ಹಸಿರು ದಾರ ಕತ್ತರಿಸಿದರು. ಸ್ಲೀವ್ ಎಳೆದರು. ಬೆಸುಗೆ ಇಲ್ಲ. ತಂತಿಯ ಮೈಮೇಲೆ ಲೇಪ ಹಾಗೇ ಇದೆ. ತುದಿ ಮಾತ್ರ ಸುಟ್ಟು ಕಪ್ಪಾಗಿದೆ.

ಸುಮಂಗಳಾ ಅದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದಳು. ತಿರುಗಿಸಿ ನೋಡಿದಳು. "ಕೆರದಂಗ ನೆನಪೈತ್ರಿ... ಬೆಸುಗಿ ಹಾಕಿದಂಗೂ ನೆನಪೈತಿ..."

ನಮ್ಮ ಮನೆಯವರು ಪರದೆಯ ಕಡೆ ತಿರುಗಿದರು. "ಕೊಟ್ರಮ್ಮ, ವಾರ್ನಿಷ್ ಹಾಕೋ ಮುಂದ ನೀನೇನರ ಇದನ್ನ ಬಿಚ್ಚಿದ್ದೇನು?"

ನಾನು ಅಂದೆ — ಆ ಮಾತನ್ನು ಅಂದಂತೆಯೇ ಬರೆಯುತ್ತೇನೆ — "ನಾ ಯಾಕ ಬಿಚ್ಚಲಿ? ಜಾಯಿಂಟು ಗೀಯಿಂಟು ನನಗೇನ ತಿಳೀತೈತ್ರಿ? ಕೆರಿ ಅಂದ್ರ ಕೆರೀತೀನಿ, ಹಚ್ಚು ಅಂದ್ರ ಹಚ್ತೀನಿ."

ಅವರು ತಕ್ಷಣ ನಂಬಿದರು. ಒಂದು ಗಳಿಗೆಯೂ ಅನುಮಾನ ಪಡಲಿಲ್ಲ. ನನಗೆ ತಿಳಿಯುವುದಿಲ್ಲ ಎಂಬುದನ್ನು ನಂಬುವುದು ಅವರಿಗೆ ಅಷ್ಟು ಸುಲಭವಾಗಿತ್ತು. ಉಳಿದುಕೊಂಡೆ ಎಂಬ ನಿರಾಳದ ಒಳಗೂ ಅದು ನನ್ನನ್ನು ಚುಚ್ಚಿತು — ನೋಡಿ, ಅಂಥ ಹೊತ್ತಲ್ಲೂ ನನಗೆ ನನ್ನದೇ ನೋವು.

"ಹಂಗಾದ್ರ ನಂದ ತಪ್ಪು ಇರಬೇಕ್ರಿ," ಅಂದಳು ಸುಮಂಗಳಾ. ದನಿ ಸಣ್ಣದಾಗಿತ್ತು. "ನೆನಪು ಅಂತೀನಿ, ಕಣ್ಣ ಮುಂದ ಬ್ಯಾರೆ ಐತಿ. ಆ ಕೂಸು... ನನ್ನ ಕೈಲೆ..."

ನಮ್ಮ ಮನೆಯವರು ಬೈಯಲಿಲ್ಲ. "ಇರ್ಲಿ ಬಿಡವಾ. ಸ್ವಲ್ಪ ದಿನ ತಂತಿ ಹಿಡಿಬ್ಯಾಡ," ಅಂದರು. ಅವಳು ಮಣೆಯಿಂದ ಎದ್ದು, ಮಣೆಯನ್ನು ಗೋಡೆಗೆ ಒರಗಿಸಿಟ್ಟು, ಒಳಗೆ ಬಂದು ನನ್ನ ಪಕ್ಕದಲ್ಲಿ ಬೇಳೆ ಆರಿಸಲು ಕೂತಳು.

ಸ್ವಲ್ಪ ದಿನ ಅಂದದ್ದು. ಮುಂಗಾರು ಬಿದ್ದ ಮೇಲೆ ಅವರೇ ಕರೆದರು. ಅವಳು ಒಲ್ಲೆ ಅಂದಳು. ಮಂಜುನಾಥ ತಮಾಷೆ ಮಾಡಿ ಕರೆದ. ಒಲ್ಲೆ. ಕೆಲಸ ಜಾಸ್ತಿಯಾಗಿ ಕೈ ಸಾಲದೆ ಬಂದಾಗ — ಆಮೇಲಿನದ್ದು ನಿಮಗೆ ಗೊತ್ತಾಗಿರಬೇಕು — ನಮ್ಮ ಮನೆಯವರು ನನ್ನನ್ನು ಕರೆದು ಆ ಮಣೆಯ ಮೇಲೆ ಕೂರಿಸಿದರು. ಕಲಿಸಿದರು. ಕಲಿತೆ. ಈಗ ಹಗರಿಬೊಮ್ಮನಹಳ್ಳಿಯ ಎಷ್ಟೋ ಮನೆಗಳ ಮಾಡಿನಲ್ಲಿ ತಿರುಗುವ ಫ್ಯಾನುಗಳೊಳಗೆ ನನ್ನ ಬಿಳಿ ದಾರದ ಗಂಟುಗಳಿವೆ. ಒಂದೂ ವಾಪಸು ಬಂದಿಲ್ಲ. ಆದರೂ ಆಗಾಗ ಅವರು ನಾನು ಸುತ್ತಿದ್ದನ್ನು ಬೆಳಕಿಗೆ ಹಿಡಿದು, "ಚಲೋ ಐತಿ. ಸುಮಂಗಳಾ ಸುತ್ತಿದಂಗ ಬರೂದಿಲ್ಲ, ಆದ್ರ ಚಲೋ ಐತಿ," ಅನ್ನುತ್ತಿದ್ದರು. ನನ್ನ ಪಾಪದ ಫಲವನ್ನು ತಿನ್ನುವಾಗಲೂ ಅವಳ ಮೇಲೆ ಸಿಟ್ಟು ಬರುತ್ತಿತ್ತು. ಮಣೆ ಬಿಟ್ಟು ಹೋದಮೇಲೂ ಮಣೆ ಬಿಡದವಳು ಎಂದು.

ಮುಂದೆ ಮೈದುನ ಹರಪನಹಳ್ಳಿಯಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಹಾಕಿಕೊಂಡು ಸಂಸಾರ ಕರೆದುಕೊಂಡು ಹೋದ. ಜಗಳವಾಡಿ ಹೋದದ್ದಲ್ಲ. ಆಗಾಗ ಹೋಗಿಬರುವುದು ಇತ್ತು.

ಈ ಬೇಸಿಗೆಯಲ್ಲಿ ನಾನೊಬ್ಬಳೇ ಹೋಗಿದ್ದೆ. ಅವರ ಮಗಳು ಕಾವ್ಯಾ ಹತ್ತನೆಯದು ಮುಗಿಸಿದ್ದಾಳೆ, ಅವಳ ಹುಟ್ಟಿದಹಬ್ಬಕ್ಕೆಂದು ಬಟ್ಟೆ ಒಯ್ದಿದ್ದೆ. ಮನೆಯೊಳಗೆ ಕಾಲಿಟ್ಟರೆ ಸೆಕೆ. ಫ್ಯಾನು ನಿಂತಿದೆ. "ಎಲ್ಡ ದಿನಾತು ದೊಡ್ಡಮ್ಮ," ಅಂದಳು ಹುಡುಗಿ. "ಕಂಡೆನ್ಸರ್ ಹೋಗೈತಿ, ನಾ ಹಾಕ್ತೀನಿ ಅಂದ್ರ ಅವ್ವ ಮುಟ್ಟಗೊಡವಲ್ಲಳು. ಹೊರಗಿನ ಮೆಕ್ಯಾನಿಕ್ ಬರಬೇಕಂತ. ಮನಿಯಾಗ ಅಂಗಡಿ ಇಟ್ಟುಕೊಂಡು!"

ಹುಡುಗಿಗೆ ಐಟಿಐ ಸೇರಿ ಎಲೆಕ್ಟ್ರಿಷಿಯನ್ ಕಲಿಯುವ ಆಸೆ. ಅಪ್ಪನಿಗೂ ಒಪ್ಪಿಗೆ. ಒಪ್ಪದವಳು ಸುಮಂಗಳಾ. ನನ್ನ ಮುಂದೆಯೇ ತಾಯಿಮಗಳಿಗೆ ಅದರ ವಾದ ಹತ್ತಿತು.

"ಬ್ಯಾಡಂದ್ರ ಬ್ಯಾಡ. ನನ್ನ ಕೈಯ ನಿಂದೂ. ಮಾಡೀನಿ ಅಂತ ಅನಸ್ತೈತಿ, ಮಾಡಿರಂಗಿಲ್ಲ. ಕರೆಂಟಿನಾಗ ಹಂಗ ನಡಿಯಂಗಿಲ್ಲ. ಬ್ಯಾರೆ ಏನಾರ ಓದು."

"ನೀ ಒಂದ ಫ್ಯಾನ್ ಕೆಡಿಸಿದ್ರ ನಾನೂ ಕೆಡಸ್ತೀನೇನು?" ಎಂದು ಹುಡುಗಿ ಎದ್ದು ಹೋದಳು.

ಅವಳು ಹೋದ ಮೇಲೆ ಸುಮಂಗಳಾ ಗ್ಯಾಸಿನ ಗುಂಡಿ ತಿರುವಿ ಆರಿಸಿದಳು. ಬಗ್ಗಿ ನೋಡಿದಳು. ಎರಡು ಹೆಜ್ಜೆ ಹೋದವಳು ಮತ್ತೆ ಬಂದು ನೋಡಿದಳು. "ಅಕ್ಕ, ನೀ ಒಮ್ಮೆ ನೋಡು, ಆರೈತಿಲ್ಲ?" ಎಂದಳು. ನಗುತ್ತಲೇ ಅಂದಳು, ರೂಢಿಯಾದವರಂತೆ. ಬಾಗಿಲಿನ ಬೀಗವೂ ಹಾಗೆಯಂತೆ, ಸಾರಿನ ಉಪ್ಪೂ ಹಾಗೆಯಂತೆ.

ಅವಳ ಕೆಲಸ ಕಸಿದುಕೊಂಡೆ ಎಂದು ನಾನು ಲೆಕ್ಕ ಹಾಕಿದ್ದೆ, ಇಷ್ಟು ದಿನ. ಅಷ್ಟೇ ಆಗಿದ್ದರೆ ಬೇರೆ ಕೆಲಸ ಸಿಗುತ್ತದೆ. ನಾನು ಕಸಿದದ್ದು — ತಾನು ಮಾಡಿದ್ದನ್ನು ಮಾಡಿದ್ದೇನೆ ಎಂದು ಹೇಳುವ ಧೈರ್ಯವನ್ನು. ಅದು ಈಗ ಅವಳ ಮಗಳಿಗೂ ಇಳಿಯುತ್ತಿತ್ತು.

ಅವಳು ರೊಟ್ಟಿ ಬಡಿಯಲು ಕೂತಳು. ಗ್ಯಾಸು ಮತ್ತೆ ಹಚ್ಚಿದಳು. ನಾನು ಹೇಳಿದೆ. ಎಲ್ಲಿಂದ ಶುರು ಮಾಡಿದೆನೋ ನೆನಪಿಲ್ಲ. ಮೆಟ್ಟಿಲು, ಇಕ್ಕಳ, ಅವಳ ಡಬ್ಬಿಯ ದಾರ — ಹಿಂದುಮುಂದಾಗಿ ಹೇಳಿದೆ. ಯಾಕೆ ಮಾಡಿದೆ ಎಂದು ಅವಳು ಕೇಳಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರ್ರಗಾಗಿ ಹೊಗೆ ಎದ್ದಿತು. ಅವಳು ತಿರುವಲಿಲ್ಲ.

ಕೊನೆಗೆ ಕೇಳಿದಳು. "ನಾ ಬೆಸುಗಿ ಹಾಕಿದ್ನೇನು?"

"ಹಾಕಿದ್ದಿ."

"ಕೆರದಿದ್ನೇನು?"

"ಕೆರದಿದ್ದಿ. ಚಂದಾಗಿ ಹೊಳೀತಿತ್ತು."

"ಹಂಗಾದ್ರ ನಾ ಕೆರದಿದ್ದೆ," ಅಂದಳು. ನನಗಲ್ಲ. "ನಾ ಕೆರದಿದ್ದೆ. ನನಗ ನೆನಪಿತ್ತು."

ಗ್ಯಾಸು ಆರಿಸಿದಳು. ಆರಿತೋ ಇಲ್ಲವೋ ಎಂದು ಮತ್ತೆ ಬಗ್ಗಿ ನೋಡಲಿಲ್ಲ.

ಆಮೇಲೆ ನನ್ನ ಕಡೆ ನೋಡಿ, "ಅಕ್ಕ, ನೀ ಈಗ ಊರಿಗೆ ಹೋಗು. ಉಣ್ಣಾಕ ಇರಬ್ಯಾಡ," ಅಂದಳು. ನಮ್ಮ ಕಡೆ ವೈರಿ ಬಂದರೂ ಉಣ್ಣದೆ ಕಳಿಸುವುದಿಲ್ಲ. ಅದು ಏನು ಮಾತು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೊಸ್ತಿಲ ಹತ್ತಿರ ಬಂದಾಗ ಹಿಂದಿನಿಂದ ಮತ್ತೆ ಅಂದಳು. "ಭಾವಾರಿಗೆ ನೀನ ಹೇಳಬೇಕು. ನಾ ಹೇಳಂಗಿಲ್ಲ."

ಬಸ್ಸಿನಲ್ಲಿ ಬರುವಾಗ ಹೊಟ್ಟೆ ಹಸಿದಿತ್ತು. ಹಸಿವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ನಮ್ಮ ಮನೆಯವರು ಅಂಗಡಿಯಲ್ಲಿ ಒಬ್ಬರೇ ಇದ್ದರು. ನಾನು ನಿಂತೇ ಹೇಳಿದೆ. ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟರು. ಮುಖ ಕೆಂಪಾಯಿತು, ಬೈಯುತ್ತಾರೆ ಅಂದುಕೊಂಡೆ, ಬೈಯಲಿ ಅಂದುಕೊಂಡೆ.

"ಆ ಗಂಟು ನೀ ಹಾಕಿದ್ದೇನು?" ಎಂದರು. "ನಾನ ಕತ್ತರಿಸೀನಿ ಅದನ್ನ. ಸುಮಂಗಳಾನ ಗಂಟ ಅಂತ ಕತ್ತರಿಸೀನಿ. ನನಗ ಫರಕು ತಿಳೀಲಿಲ್ಲ." ಆಮೇಲೆ, "ಅಂದ್ರ ನಿನಗ ಎಲ್ಲಾ ತಿಳೀತಿತ್ತು," ಎಂದರು.

ಇಷ್ಟು ವರ್ಷ ಅವರ ಬಾಯಿಂದ ನಾನು ಕೇಳಬೇಕೆಂದು ಕಾದಿದ್ದ ಮಾತು ಅದು. ಬಂತು — ಹೀಗೆ ಬಂತು. ಹೌದು, ತಿಳೀತಿತ್ತು ಅಂದೆ.

ಮರುದಿನ ಅವರು ಹರಪನಹಳ್ಳಿಗೆ ಹೋಗಿ ಬಂದರು. ಅಲ್ಲಿ ಏನು ಮಾತಾಯಿತು ಎಂದು ನನಗೆ ಹೇಳಲಿಲ್ಲ, ನಾನು ಕೇಳಲಿಲ್ಲ. ಬರುವ ದಾರಿಯಲ್ಲಿ ಖಾದರ್ ಸಾಬರ ಮನೆಗೂ ಹೋಗಿದ್ದರಂತೆ. ನಮ್ಮ ಮನೆಯಲ್ಲಿ ಮಾತು ಈಗ ಕಡಿಮೆ. ನಾನು ಸುತ್ತುತ್ತೇನೆ, ಅವರು ಪರೀಕ್ಷೆ ಮಾಡುತ್ತಾರೆ. ಮೊದಲು ಬಲ್ಬ್ ಹಿಡಿದು ಬಿಡುತ್ತಿದ್ದರು, ಈಗ ನನ್ನ ಒಂದೊಂದು ಸ್ಲೀವನ್ನೂ ಸರಿಸಿ ಒಳಗೆ ನೋಡುತ್ತಾರೆ. ನೋಡಲಿ. ನೋಡಬೇಕಾದದ್ದೇ.

ಕಾವ್ಯಾ ಐಟಿಐ ಸೇರಿದ್ದಾಳೆ. ಸುಮಂಗಳಾ ನನ್ನ ಜೊತೆ ಮಾತಾಡಿಲ್ಲ. ಮಾತಾಡು ಎಂದು ಕೇಳುವ ಬಾಯಿ ನನಗಿಲ್ಲ, ಕ್ಷಮಿಸು ಎಂದು ಕೇಳುವುದಂತೂ ದೂರ.

ಮೊನ್ನೆ ಮಂಜುನಾಥನ ಫೋನು ಬಂತು. ಅವನ ದನಿ ಜೋರು, ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು. ಸುಮಂಗಳಾ ಒಂದು ಸುಟ್ಟ ಫ್ಯಾನು ತರಿಸಿಕೊಂಡು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾನೇ ಸುತ್ತಿ ಓಡಿಸಿದಳಂತೆ. ಇಷ್ಟು ವರ್ಷ ಬಿಟ್ಟ ಕೈ ಅನ್ನಿಸುವುದೇ ಇಲ್ಲವಂತೆ. ಫೋಟೋ ಕಳಿಸಿದ್ದ. ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ಅದನ್ನು ನೋಡಿದರು, ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದರು. "ಆಕಿ ಕೈ ಅಂದ್ರ ಆಕಿ ಕೈನ ಬಿಡಪ್ಪ!" ಎಂದು ನಕ್ಕರು. ಎಷ್ಟೋ ದಿನದ ಮೇಲೆ ನಕ್ಕರು.

ನನ್ನ ಹಳೆಯ ಹೊಟ್ಟೆಕಿಚ್ಚು ಮತ್ತೆ ಹತ್ತಿತು. ಇಷ್ಟೆಲ್ಲ ಆದ ಮೇಲೂ. ಬಾಯಿಬಿಟ್ಟು ಹೇಳಿದರೆ ಅದು ಹೋಗುತ್ತದೆ ಎಂದು ನಾನು ತಿಳಿದಿದ್ದೆ, ಹೋಗಿಲ್ಲ. ಇದನ್ನು ಇಲ್ಲಿ ಬರೆಯದೆ ಬಿಟ್ಟಿದ್ದರೆ ಇಷ್ಟು ಬರೆದದ್ದೂ ಇನ್ನೊಂದು ಸುಳ್ಳಾಗುತ್ತಿತ್ತು. ಎದ್ದು ಒಳಗೆ ಹೋಗಲು ಕೆಲಸ ಬೇಕಾದಷ್ಟಿತ್ತು. ನಾನು ಏಳಲಿಲ್ಲ. ಅವರು ಅವಳನ್ನು ಹೊಗಳಿ ಮುಗಿಸುವವರೆಗೂ ಅಲ್ಲೇ ಕೂತು, ಪೂರ್ತಿ ಕೇಳಿದೆ.